ಈಮ್ಯಾಕ್ಸ್ ತೆರೆಯಲು ಏಳು ಸೆಕೆಂಡು: ಇನಿಟ್ ಫೈಲು ಲೋಡ್ ಆಗುವ ಕ್ರಮ, ಅದನ್ನು ಹಗುರ ಮಾಡುವ ಬಗೆ

ಪ್ರಶ್ನೆ: ಉಬುಂಟು 24.04ರಲ್ಲಿ ಈಮ್ಯಾಕ್ಸ್ 29 (ಲಿಸ್ಪ್ ಭಾಷೆಯಲ್ಲಿ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಟೆಕ್ಸ್ಟ್ ಎಡಿಟರ್) ಬಳಸುತ್ತಿದ್ದೇನೆ. ಸುಮಾರು 90 ಪ್ಯಾಕೇಜುಗಳಿವೆ. ತೆರೆದಾಗಲೆಲ್ಲ ಓದುವ ಸೆಟ್ಟಿಂಗ್‌ಗಳ ಫೈಲು, ಅಂದರೆ ಇನಿಟ್ ಫೈಲು, ಅಲ್ಲಿಂದ ಇಲ್ಲಿಂದ ಸೇರಿಸಿಕೊಂಡು ಬೆಳೆದದ್ದು. ತೆರೆಯಲು 7 ಸೆಕೆಂಡು ಹಿಡಿಯುತ್ತದೆ. ಗಾರ್ಬೇಜ್ ಕಲೆಕ್ಷನ್ (ಬಳಕೆ ಮುಗಿದ ಮೆಮೊರಿಯನ್ನು ಆಗಾಗ ಖಾಲಿ ಮಾಡುವ ಕೆಲಸ) ಮಿತಿ ಏರಿಸಿ ಎಂದು ಎಲ್ಲರೂ ಹೇಳುತ್ತಾರೆ. ಏರಿಸಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಳಗೆ ಯಾವ ಫೈಲು ಯಾವಾಗ ಲೋಡ್ ಆಗುತ್ತದೆ, ಯಾವ ಸೆಟ್ಟಿಂಗ್ ಎಲ್ಲಿರಬೇಕು? ಇನ್ನೊಂದು ವಿಷಯ: ಟಿಪ್ಪಣಿ ಬರೆಯಲು ಈಮ್ಯಾಕ್ಸ್‌ನಲ್ಲಿರುವ ಆರ್ಗ್ ಮೋಡ್‌ನಲ್ಲಿ ಕನ್ನಡ ಟಿಪ್ಪಣಿ ಬರೆಯುತ್ತೇನೆ. ಆ ಫೈಲು ಮೊದಲ ಸಲ ತೆರೆದಾಗಲೂ ಈಮ್ಯಾಕ್ಸ್ ಸ್ವಲ್ಪ ಹೊತ್ತು ನಿಂತುಬಿಡುತ್ತದೆ.

ಉತ್ತರ: ಮಿತಿ ಏರಿಸಿದ್ದರಿಂದ ನಿಮಗೆ ಹೆಚ್ಚೆಂದರೆ ಎಷ್ಟು ಉಳಿಯಬಹುದಿತ್ತು ಎಂಬುದನ್ನು ಈಮ್ಯಾಕ್ಸೇ ಲೆಕ್ಕ ಇಟ್ಟಿರುತ್ತದೆ. ಆ ಸಾಲನ್ನು ತಾತ್ಕಾಲಿಕವಾಗಿ ಕಮೆಂಟ್ ಮಾಡಿ ಈಮ್ಯಾಕ್ಸ್ ಮುಚ್ಚಿ ತೆರೆಯಿರಿ. ತೆರೆದ ಕೂಡಲೇ ಆಲ್ಟ್ ಜೊತೆ ಕೋಲನ್ ಒತ್ತಿ ಜಿಸಿ-ಇಲ್ಯಾಪ್ಸ್ಡ್ ಎಂದು ಬರೆದು ಎಂಟರ್ ಕೊಡಿ. ಬರುವ ಸಂಖ್ಯೆ, ಶುರುವಾದಾಗಿನಿಂದ ಗಾರ್ಬೇಜ್ ಕಲೆಕ್ಷನ್‌ಗೆ ಹೋದ ಒಟ್ಟು ಸೆಕೆಂಡುಗಳು. ಎಷ್ಟು ಸಲ ನಡೆಯಿತು ಎಂಬುದು ಜಿಸಿಎಸ್-ಡನ್ ಎಂಬ ವೇರಿಯಬಲ್‌ನಲ್ಲಿರುತ್ತದೆ. ಮೊದಲನೆಯದು 0.5 ಎಂದು ತೋರಿಸಿದರೆ, ಮಿತಿಯನ್ನು ಎಷ್ಟೇ ಏರಿಸಿದರೂ ಉಳಿಯುವುದು ಅರ್ಧ ಸೆಕೆಂಡು ಮಾತ್ರ. ಮಿಕ್ಕ ಆರೂವರೆ ಸೆಕೆಂಡು ಬೇರೆಲ್ಲೋ ಹೋಗುತ್ತಿದೆ ಎಂದರ್ಥ. ಹೆಚ್ಚಿನವರ ಇನಿಟ್ ಫೈಲಿನಲ್ಲಿ ಅದು ಹೋಗುವುದು ಒಂದೇ ಕಡೆ: ಈಗಲೇ ಬೇಡದ ಪ್ಯಾಕೇಜುಗಳನ್ನು ತೆರೆಯುವಾಗಲೇ ಲೋಡ್ ಮಾಡುವುದರಲ್ಲಿ. ಅದನ್ನು ಹಿಡಿಯಬೇಕಾದರೆ ಲೋಡ್ ಆಗುವ ಕ್ರಮ ಗೊತ್ತಿರಬೇಕು.

ಯಾವುದು ಮೊದಲು, ಯಾವುದು ಆಮೇಲೆ

ಈಮ್ಯಾಕ್ಸ್‌ನ ತಿರುಳಿನ ಲಿಸ್ಪ್ ಕೋಡನ್ನು ಪ್ರತಿ ಸಲ ಹೊಸದಾಗಿ ಓದುವುದಿಲ್ಲ. ಬಿಲ್ಡ್ ಮಾಡುವಾಗಲೇ ಅದನ್ನು ಮೆಮೊರಿಯ ಚಿತ್ರವಾಗಿ ಡಂಪ್ ಮಾಡಿಟ್ಟಿರುತ್ತಾರೆ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಇದಕ್ಕೆ ಪೋರ್ಟಬಲ್ ಡಂಪರ್ ಬಳಕೆಯಲ್ಲಿದೆ. ಹಾಗಾಗಿ ಬರಿಯ ಈಮ್ಯಾಕ್ಸ್ ಬಹಳ ಬೇಗ ಏಳುತ್ತದೆ. ನಿಧಾನವೆಲ್ಲ ಶುರುವಾಗುವುದು ನಮ್ಮ ಫೈಲುಗಳಿಂದ.

ಮೊದಲು ಓದುವುದು ಅರ್ಲಿ-ಇನಿಟ್.ಇಎಲ್. ಇದೂ 27ರಲ್ಲೇ ಬಂದದ್ದು. ಈ ಹೊತ್ತಿಗೆ ವಿಂಡೋ ಇನ್ನೂ ತೆರೆದಿರುವುದಿಲ್ಲ, ಪ್ಯಾಕೇಜುಗಳೂ ಸಕ್ರಿಯವಾಗಿರುವುದಿಲ್ಲ. ಇದಾದ ಮೇಲೆ ಪ್ಯಾಕೇಜ್ ವ್ಯವಸ್ಥೆ ತಾನಾಗಿಯೇ ಎದ್ದು, ಇನ್‌ಸ್ಟಾಲ್ ಆಗಿರುವ ಪ್ರತಿ ಪ್ಯಾಕೇಜಿನ ಫೋಲ್ಡರನ್ನು ಲೋಡ್-ಪಾತ್‌ಗೆ (ಲಿಸ್ಪ್ ಫೈಲುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸಿ ಅದರ ಆಟೋಲೋಡ್ ಫೈಲನ್ನು (ಯಾವ ಕಮಾಂಡ್ ಕರೆದಾಗ ಯಾವ ಫೈಲು ಲೋಡ್ ಆಗಬೇಕು ಎಂಬ ಪಟ್ಟಿಯನ್ನು) ಓದುತ್ತದೆ. ನಂತರ ಮೊದಲ ಫ್ರೇಮ್, ಅಂದರೆ ಕಿಟಕಿ, ತಯಾರಾಗುತ್ತದೆ. ಆಮೇಲೆ ಸಿಸ್ಟಮ್ ಮಟ್ಟದ ಸೈಟ್-ಸ್ಟಾರ್ಟ್, ಅದರ ಬೆನ್ನಿಗೆ ನಿಮ್ಮ ಇನಿಟ್.ಇಎಲ್, ಅದಾದ ಮೇಲೆ ಡೀಫಾಲ್ಟ್.ಇಎಲ್ ಇದ್ದರೆ ಅದು. ಇಲ್ಲಿಗೆ ಈಮ್ಯಾಕ್ಸ್ ತಾನು ತೆರೆಯಲು ಹಿಡಿದ ಹೊತ್ತನ್ನು ಅಳೆಯುವ ಗಡಿಯಾರ ನಿಲ್ಲಿಸುತ್ತದೆ. ಗಡಿಯಾರ ನಿಂತ ಮೇಲೆ ಆಫ್ಟರ್-ಇನಿಟ್-ಹುಕ್ (ಹುಕ್ ಎಂದರೆ ನಿಗದಿತ ಘಳಿಗೆಯಲ್ಲಿ ಓಡಬೇಕಾದ ಫಂಕ್ಷನ್‌ಗಳ ಪಟ್ಟಿ), ಸ್ಕ್ರಾಚ್ ಬಫರ್‌ನ (ತೆರೆದಾಗ ಸಿಗುವ ಖಾಲಿ ಹಾಳೆಯ) ಮೋಡ್, ಈಮ್ಯಾಕ್ಸ್-ಸ್ಟಾರ್ಟಪ್-ಹುಕ್, ಕೊನೆಗೆ ವಿಂಡೋ-ಸೆಟಪ್-ಹುಕ್ ಓಡುತ್ತವೆ.

ಈ ಕ್ರಮ ಗೊತ್ತಿಲ್ಲದೆ ಆಗುವ ಎಡವಟ್ಟುಗಳಲ್ಲಿ ತೀರಾ ಸಾಮಾನ್ಯವಾದದ್ದು ಫೈಲಿನ ಜಾಗದ್ದು. ಹೋಮ್ ಫೋಲ್ಡರಿನಲ್ಲಿ .ಈಮ್ಯಾಕ್ಸ್.ಇಎಲ್ ಅಥವಾ .ಈಮ್ಯಾಕ್ಸ್ ಎಂಬ ಫೈಲು ಇದ್ದರೆ ಅದನ್ನೇ ಓದುತ್ತದೆ, .ಈಮ್ಯಾಕ್ಸ್.ಡಿ ಒಳಗಿನ ಇನಿಟ್.ಇಎಲ್ ಕಡೆ ತಿರುಗಿಯೂ ನೋಡುವುದಿಲ್ಲ. .ಕಾನ್ಫಿಗ್ ಒಳಗಿನ ಈಮ್ಯಾಕ್ಸ್ ಫೋಲ್ಡರಿನ ಸರದಿ ಬರುವುದು ಹೋಮ್‌ನಲ್ಲಿ .ಈಮ್ಯಾಕ್ಸ್.ಡಿ ಕೂಡ ಇಲ್ಲದಿದ್ದರೆ ಮಾತ್ರ. ಯಾವುದೋ ಪ್ರೋಗ್ರಾಮು ಖಾಲಿ .ಈಮ್ಯಾಕ್ಸ್.ಡಿ ಫೋಲ್ಡರ್ ಸೃಷ್ಟಿಸಿದರೂ ಸಾಕು, .ಕಾನ್ಫಿಗ್‌ನಲ್ಲಿರುವ ನಿಮ್ಮ ಸೆಟ್ಟಿಂಗ್‌ಗಳೆಲ್ಲ ಮಾಯವಾದಂತೆ ಕಾಣುತ್ತದೆ. ಸಂಶಯ ಬಂದರೆ ಯೂಸರ್-ಇನಿಟ್-ಫೈಲ್ ಎಂಬ ವೇರಿಯಬಲ್ ನೋಡಿ. ಈ ಸಲ ಯಾವ ಫೈಲು ಓದಿತು ಎಂದು ಅದು ಪೂರ್ತಿ ಪಾತ್ ಸಮೇತ ಹೇಳುತ್ತದೆ.

ಎರಡನೆಯದು, ಹಳೆಯ ಸಲಹೆಯಿಂದ ಬಂದಿರುವ ಪ್ಯಾಕೇಜ್-ಇನಿಶಿಯಲೈಜ್ ಸಾಲು. 27ಕ್ಕಿಂತ ಮುಂಚೆ ಅದು ಬೇಕಿತ್ತು. ಈಗ ಇನಿಟ್.ಇಎಲ್ ಓದುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ; ಸಾಲನ್ನು ಹಾಗೇ ಬಿಟ್ಟರೆ 90 ಪ್ಯಾಕೇಜುಗಳ ವಿವರ ಫೈಲುಗಳನ್ನು ಮತ್ತೊಮ್ಮೆ ಓದಿಸಿದಂತೆ. ಅಳಿಸಿಬಿಡಿ. ಇದೇ ಕಾರಣಕ್ಕೆ ಪ್ಯಾಕೇಜ್-ಎನೇಬಲ್-ಅಟ್-ಸ್ಟಾರ್ಟಪ್ ಅನ್ನು ಇನಿಟ್.ಇಎಲ್‌ನಲ್ಲಿ ನಿಲ್ (ಬೇಡ) ಎಂದು ಬರೆದರೆ ಯಾವ ಪರಿಣಾಮವೂ ಇಲ್ಲ. ಅದರ ಜಾಗ ಅರ್ಲಿ-ಇನಿಟ್. ಸ್ಟ್ರೇಟ್ ಅಥವಾ ಎಲ್ಪಾಕಾ ಎಂಬ ಬೇರೆ ಪ್ಯಾಕೇಜ್ ವ್ಯವಸ್ಥೆ ಬಳಸುವವರಿಗೆ ಮಾತ್ರ ಅದರ ಅಗತ್ಯವಿದೆ. ನೀವು ಈಮ್ಯಾಕ್ಸ್‌ನದೇ ಪ್ಯಾಕೇಜ್ ವ್ಯವಸ್ಥೆ ಬಳಸುತ್ತಿದ್ದರೆ ಮುಟ್ಟಬೇಡಿ.

ಅಳೆಯುವುದು

ಈಮ್ಯಾಕ್ಸ್-ಇನಿಟ್-ಟೈಮ್ ಎಂಬ ಕಮಾಂಡ್ ಕೊಡುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಮೇಲೆ ಹೇಳಿದ ಹಾಗೆ ಗಡಿಯಾರ ನಿಲ್ಲುವುದು ಆಫ್ಟರ್-ಇನಿಟ್-ಹುಕ್ ಓಡುವುದಕ್ಕೆ ಮುಂಚೆ. ಭಾರವಾದ ಐದು ಪ್ಯಾಕೇಜುಗಳನ್ನು ಆ ಹುಕ್‌ಗೆ ನೇತುಹಾಕಿದರೆ ಸಂಖ್ಯೆ 7ರಿಂದ 2ಕ್ಕೆ ಇಳಿಯುತ್ತದೆ, ಆದರೆ ನೀವು ಟೈಪ್ ಮಾಡಲು ಕಾಯುವ ಹೊತ್ತು ಅಷ್ಟೇ ಇರುತ್ತದೆ. ಹಿಂದಿನ ಬಫರ್‌ಗಳನ್ನು ಮರಳಿ ತೆರೆಯುವ ಡೆಸ್ಕ್‌ಟಾಪ್-ಸೇವ್-ಮೋಡ್ ಕೂಡ ಓಡುವುದು ಈ ಹುಕ್‌ನಲ್ಲೇ, ಹಾಗಾಗಿ ಅದರ ಖರ್ಚೂ ಲೆಕ್ಕಕ್ಕೆ ಬರುವುದಿಲ್ಲ. ಅನೇಕರು ಹೆಮ್ಮೆಯಿಂದ ಹೇಳುವ ಅರ್ಧ ಸೆಕೆಂಡಿನ ಸ್ಟಾರ್ಟಪ್ ಇದೇ ರೀತಿಯದು. ನಿಜವಾದ ಅಳತೆಗೆ ವಿಂಡೋ-ಸೆಟಪ್-ಹುಕ್‌ನ ಕೊನೆಗೆ ಒಂದು ಫಂಕ್ಷನ್ ಸೇರಿಸಿ, ಆಗಿನ ಸಮಯದಿಂದ ಬಿಫೋರ್-ಇನಿಟ್-ಟೈಮ್ ಕಳೆದು ಮೆಸೇಜ್ ಆಗಿ ತೋರಿಸಿ. ಸೇರಿಸುವಾಗ ಆ್ಯಡ್-ಹುಕ್‌ಗೆ ಡೆಪ್ತ್ ಎಂದು 100 ಕೊಟ್ಟರೆ ಅದು ಕೊನೆಯಲ್ಲೇ ಓಡುತ್ತದೆ.

ಆಮೇಲೆ ಟರ್ಮಿನಲ್‌ನಿಂದ ಮೂರು ರೀತಿ ತೆರೆದು ನೋಡಿ. ದೊಡ್ಡ ಕ್ಯು ಆಪ್ಷನ್ ಕೊಟ್ಟರೆ ಏನೂ ಲೋಡ್ ಆಗುವುದಿಲ್ಲ. ಇದು ನಿಮ್ಮ ಯಂತ್ರದಲ್ಲಿ ಸಾಧ್ಯವಿರುವ ತಳಮಟ್ಟ. ಸಣ್ಣ ಕ್ಯು ಕೊಟ್ಟರೆ ನಿಮ್ಮ ಫೈಲುಗಳು ಮಾತ್ರ ಬಿಟ್ಟುಹೋಗುತ್ತವೆ, ಸೈಟ್-ಸ್ಟಾರ್ಟ್ ಓಡುತ್ತದೆ. ಯಾವ ಆಪ್ಷನ್ನೂ ಕೊಡದಿದ್ದರೆ ಎಲ್ಲವೂ. ದೊಡ್ಡ ಕ್ಯುಗೂ ಸಣ್ಣ ಕ್ಯುಗೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ತಪ್ಪು ನಿಮ್ಮದಲ್ಲ: ಡೆಬಿಯನ್ ಮತ್ತು ಉಬುಂಟುವಿನಲ್ಲಿ ಎಪಿಟಿ ಮೂಲಕ ಹಾಕಿದ ಈಮ್ಯಾಕ್ಸ್ ಸಂಬಂಧಿ ಪ್ಯಾಕೇಜುಗಳು ಇಟಿಸಿ ಫೋಲ್ಡರಿನ ಒಳಗೆ ಸೈಟ್-ಸ್ಟಾರ್ಟ್.ಡಿ ಎಂಬಲ್ಲಿ ತಮ್ಮ ಫೈಲುಗಳನ್ನು ಇಡುತ್ತವೆ, ಅವೆಲ್ಲ ಪ್ರತಿ ಸಲ ಓಡುತ್ತವೆ. ಬಳಸದವುಗಳನ್ನು ಎಪಿಟಿಯಿಂದಲೇ ತೆಗೆದುಹಾಕಿ.

ಒಂದು ಎಚ್ಚರಿಕೆ. ಈಮ್ಯಾಕ್ಸ್‌ನ ಹೊಸ ಆವೃತ್ತಿ ಹಾಕಿದ ದಿನ, ಅಥವಾ ಹತ್ತಾರು ಪ್ಯಾಕೇಜುಗಳನ್ನು ಅಪ್‌ಡೇಟ್ ಮಾಡಿದ ಕೂಡಲೇ ಅಳೆಯಬೇಡಿ. ನೇಟಿವ್ ಕಂಪೈಲೇಶನ್ (ಲಿಸ್ಪ್ ಕೋಡನ್ನು ಯಂತ್ರಭಾಷೆಗೆ ತಿರುಗಿಸುವುದು) ಇರುವ ಬಿಲ್ಡ್ ಆಗಿದ್ದರೆ ಹಿನ್ನೆಲೆಯಲ್ಲಿ ಕಂಪೈಲ್ ಕೆಲಸ ಓಡುತ್ತಿರುತ್ತದೆ, ಲ್ಯಾಪ್‌ಟಾಪ್‌ನ ಫ್ಯಾನ್ ಸದ್ದೂ ಕೇಳುತ್ತದೆ. ಅದು ಮುಗಿದು, ಎರಡು ಮೂರು ಸಲ ಮುಚ್ಚಿ ತೆರೆದ ಮೇಲೆ ಬರುವ ಸಂಖ್ಯೆಯೇ ಲೆಕ್ಕ.

ಯಾವ ಪ್ಯಾಕೇಜಿಗೆ ಎಷ್ಟು ಹೊತ್ತು ಎಂದು ತಿಳಿಯಲು ಬೆಂಚ್‌ಮಾರ್ಕ್-ಇನಿಟ್ ಎಂಬ ಪ್ಯಾಕೇಜನ್ನು ಮೆಲ್ಪಾ ಎಂಬ ಪ್ಯಾಕೇಜ್ ಭಂಡಾರದಿಂದ ಹಾಕಿಕೊಳ್ಳಿ. ಇನಿಟ್.ಇಎಲ್‌ನ ಮೊದಲ ಸಾಲುಗಳಲ್ಲೇ ಅದನ್ನು ಚಾಲೂ ಮಾಡಿ, ಎದ್ದ ಮೇಲೆ ಅದರ ಡ್ಯುರೇಶನ್ಸ್-ಟ್ರೀ ನೋಡಿ. ಯಾರು ಯಾರನ್ನು ಎಳೆದು ತಂದರು ಎಂಬುದು ಮರದ ಆಕಾರದಲ್ಲಿ ಕಾಣುತ್ತದೆ. ಪ್ರತಿ ಪ್ಯಾಕೇಜಿನ ಸೆಟ್ಟಿಂಗ್‌ಗಳನ್ನು ಒಂದೊಂದು ಬ್ಲಾಕಿನಲ್ಲಿ ಬರೆಯಲು ಯೂಸ್-ಪ್ಯಾಕೇಜ್ ಬಳಸುವವರಾದರೆ (29ರಿಂದ ಅದು ಈಮ್ಯಾಕ್ಸ್ ಜೊತೆಗೇ ಬರುತ್ತದೆ) ಯೂಸ್-ಪ್ಯಾಕೇಜ್-ಕಂಪ್ಯೂಟ್-ಸ್ಟ್ಯಾಟಿಸ್ಟಿಕ್ಸ್ ಅನ್ನು ಟಿ (ಹೌದು) ಎಂದು ಕೊಟ್ಟು, ಆಮೇಲೆ ಯೂಸ್-ಪ್ಯಾಕೇಜ್-ರಿಪೋರ್ಟ್ ಕಮಾಂಡ್ ಓಡಿಸಿ. ಮೊದಲನೆಯ ಯೂಸ್-ಪ್ಯಾಕೇಜ್ ಬ್ಲಾಕಿಗಿಂತ ಮೇಲೆಯೇ ಆ ಸೆಟ್ಟಿಂಗ್ ಇರಬೇಕು, ಇಲ್ಲದಿದ್ದರೆ ರಿಪೋರ್ಟ್ ಖಾಲಿ ಬರುತ್ತದೆ.

ಆರ್ಗ್ ಯಾಕೆ ಮುಂಚೆಯೇ ಎದ್ದು ಕೂರುತ್ತದೆ

ನಿಮ್ಮ ಪ್ರಶ್ನೆಯಲ್ಲಿ ಆರ್ಗ್ ಎಂದು ಓದಿದಾಗಲೇ ನನಗೆ ಮೊದಲ ಅನುಮಾನ ಅದರ ಮೇಲೆ. ಆರ್ಗ್ ದೊಡ್ಡ ಪ್ಯಾಕೇಜು, ತನ್ನ ಜೊತೆಗೆ ಹತ್ತಾರು ಫೈಲುಗಳನ್ನು ಎಳೆದು ತರುತ್ತದೆ. ಆದರೆ ಆರ್ಗ್ ಫೈಲು ತೆರೆಯುವವರೆಗೆ ಅದರ ಅಗತ್ಯವೇ ಇಲ್ಲ. ಹಾಗಿದ್ದೂ ಅದು ಸ್ಟಾರ್ಟಪ್‌ನಲ್ಲೇ ಲೋಡ್ ಆಗುವುದಕ್ಕೆ ಒಂದು ಮಾಮೂಲಿ ದಾರಿಯಿದೆ. ಇನಿಟ್ ಫೈಲಿನಲ್ಲಿ ಆರ್ಗ್-ಮೋಡ್-ಮ್ಯಾಪ್‌ಗೆ ಒಂದು ಕೀ ಜೋಡಿಸುವ ಸಾಲು ಬರೆಯುತ್ತೀರಿ, ಅಥವಾ ಆರ್ಗ್-ಮಾಡ್ಯೂಲ್ಸ್ ಪಟ್ಟಿಗೆ ಆ್ಯಡ್-ಟು-ಲಿಸ್ಟ್ ಮೂಲಕ ಏನೋ ಸೇರಿಸುತ್ತೀರಿ. ಆರ್ಗ್ ಇನ್ನೂ ಲೋಡ್ ಆಗಿಲ್ಲದ ಕಾರಣ ವೇರಿಯಬಲ್ ವಾಯ್ಡ್ ಎಂದು ಎರರ್ ಬರುತ್ತದೆ. ಎರರ್ ಹೋಗಲಿ ಎಂದು ಫೈಲಿನ ತಲೆಯಲ್ಲಿ ರಿಕ್ವೈರ್ ಆರ್ಗ್, ಅಂದರೆ ಆರ್ಗ್ ಅನ್ನು ಈಗಲೇ ಲೋಡ್ ಮಾಡು, ಎಂದು ಸೇರಿಸುತ್ತೀರಿ. ಎರರ್ ಹೋಗುತ್ತದೆ, ಅಂದಿನಿಂದ ಪ್ರತಿ ಸಲ ಟರ್ಮಿನಲ್‌ನಲ್ಲಿ ಎರಡು ಸಾಲಿನ ಶೆಲ್ ಸ್ಕ್ರಿಪ್ಟ್ ತಿದ್ದಲು ತೆರೆದರೂ ಇಡೀ ಆರ್ಗ್ ಎದ್ದು ಬರುತ್ತದೆ.

ಸರಿಯಾದ ದಾರಿ, ಆ ಸಾಲುಗಳನ್ನು ವಿತ್-ಇವ್ಯಾಲ್-ಆಫ್ಟರ್-ಲೋಡ್ ಒಳಗೆ ಹಾಕುವುದು. ಆರ್ಗ್ ಯಾವಾಗ ಲೋಡ್ ಆಗುತ್ತದೋ ಆಗ ಈ ಸಾಲುಗಳು ಓಡಲಿ ಎಂದು ಅದರ ಅರ್ಥ. ಯೂಸ್-ಪ್ಯಾಕೇಜ್‌ನಲ್ಲಿ ಇದಕ್ಕೆ ಸಮನಾದದ್ದು ಕಾನ್ಫಿಗ್ ಭಾಗ. ಬರೀ ಸೆಟ್‌ಕ್ಯು ಸಾಲುಗಳಿಂದ ತೊಂದರೆಯಿಲ್ಲ, ಅವು ಏನನ್ನೂ ಲೋಡ್ ಮಾಡುವುದಿಲ್ಲ, ಎಲ್ಲಿದ್ದರೂ ನಡೆಯುತ್ತದೆ. ಆದರೆ ಆರ್ಗ್-ಬೇಬಲ್-ಡು-ಲೋಡ್-ಲ್ಯಾಂಗ್ವೇಜಸ್ ಎಂಬ ಕರೆ ಮಾತ್ರ ಇನಿಟ್ ಫೈಲಿನ ಹೊರಭಾಗದಲ್ಲಿ ಇರಲೇಬಾರದು; ಅದು ಆರ್ಗ್ ಜೊತೆಗೆ ನೀವು ಪಟ್ಟಿ ಮಾಡಿದ ಪ್ರತಿ ಭಾಷೆಯ ಫೈಲನ್ನೂ ಆಗಲೇ ಓದುತ್ತದೆ.

ರಿಕ್ವೈರ್ ಸಾಲು ಕಾಣದಿದ್ದರೂ ಆರ್ಗ್ ಲೋಡ್ ಆಗುತ್ತಿದೆಯೇ? ಫೀಚರ್‌ಪಿ ಫಂಕ್ಷನ್‌ಗೆ ಆರ್ಗ್ ಹೆಸರು ಕೊಟ್ಟು ನೋಡಿ. ಈಗಷ್ಟೇ ಎದ್ದ ಈಮ್ಯಾಕ್ಸ್‌ನಲ್ಲಿ ಅದು ಟಿ ಎಂದರೆ ಯಾರೋ ಎಳೆದು ತಂದಿದ್ದಾರೆ. ಯಾರು ಎಂದು ಹಿಡಿಯಲು ಇನಿಟ್.ಇಎಲ್‌ನ ಮೊಟ್ಟಮೊದಲ ಸಾಲಾಗಿ, ಆರ್ಗ್‌ಗೆ ಒಂದು ವಿತ್-ಇವ್ಯಾಲ್-ಆಫ್ಟರ್-ಲೋಡ್ ಬರೆದು ಅದರೊಳಗೆ ಡೀಬಗ್ ಎಂಬ ಫಂಕ್ಷನ್ ಕರೆಯಿರಿ. ಮುಂದಿನ ಸಲ ತೆರೆದಾಗ ಆರ್ಗ್ ಲೋಡ್ ಆದ ಘಳಿಗೆಯಲ್ಲೇ ಈಮ್ಯಾಕ್ಸ್ ನಿಂತು ಬ್ಯಾಕ್‌ಟ್ರೇಸ್ (ಯಾರು ಯಾರನ್ನು ಕರೆದರು ಎಂಬ ಪಟ್ಟಿ) ತೋರಿಸುತ್ತದೆ. ಅದನ್ನು ಮೇಲಿಂದ ಕೆಳಕ್ಕೆ ಓದುತ್ತಾ ಹೋದರೆ ರಿಕ್ವೈರ್ ಮಾಡಿದ ಪ್ಯಾಕೇಜಿನ ಹೆಸರು ಸಿಗುತ್ತದೆ. ಕೆಲಸ ಮುಗಿದ ಮೇಲೆ ಆ ಸಾಲು ತೆಗೆದುಬಿಡಿ. ಆರ್ಗ್ ಅಷ್ಟೇ ಅಲ್ಲ, ಮ್ಯಾಗಿಟ್, ಹೆಲ್ಮ್, ಎಲ್‌ಎಸ್‌ಪಿ ಯಾವುದಕ್ಕಾದರೂ ಈ ಉಪಾಯ ನಡೆಯುತ್ತದೆ.

ಇಡೀ ಸೆಟ್ಟಿಂಗನ್ನೇ ಒಂದು ಆರ್ಗ್ ಫೈಲಿನಲ್ಲಿ ಬರೆದು ಆರ್ಗ್-ಬೇಬಲ್-ಲೋಡ್-ಫೈಲ್ ಮೂಲಕ ಓದಿಸುವವರಿಗೆ ಇನ್ನೊಂದು ಪೆಟ್ಟು ಬೀಳುತ್ತದೆ. ಆ ಫಂಕ್ಷನ್ ಬಳಸಲು ಆರ್ಗ್ ಬೇಕು, ಆಗ ಎದ್ದು ಬರುವುದು ಸಾಮಾನ್ಯವಾಗಿ ಈಮ್ಯಾಕ್ಸ್ ಜೊತೆ ಬಂದ ಆರ್ಗ್. ನೀವು ಸ್ಟ್ರೇಟ್ ಅಥವಾ ಎಲ್ಪಾಕಾ ಮೂಲಕ ಹೊಸ ಆರ್ಗ್ ಹಾಕಿಕೊಂಡಿದ್ದರೆ ಹಳೆಯದರ ಅರ್ಧ, ಹೊಸದರ ಅರ್ಧ ಮೆಮೊರಿಯಲ್ಲಿ ಸೇರಿ ಆರ್ಗ್ ವರ್ಶನ್ ಮಿಸ್‌ಮ್ಯಾಚ್ ಎಂಬ ಎಚ್ಚರಿಕೆ, ಅದರ ಹಿಂದೆ ವಿಚಿತ್ರ ಎರರ್‌ಗಳು ಶುರುವಾಗುತ್ತವೆ. ಆರ್ಗ್ ಫೈಲಿನಲ್ಲಿ ಬರೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಸೇವ್ ಮಾಡಿದಾಗ ಟ್ಯಾಂಗಲ್ ಆಗಿ (ಕೋಡ್ ಭಾಗ ಮಾತ್ರ ಬೇರೆ ಫೈಲಿಗೆ ಹೋಗಿ) ಇನಿಟ್.ಇಎಲ್ ತಯಾರಾಗಲಿ, ಸ್ಟಾರ್ಟಪ್‌ನಲ್ಲಿ ಆ ಇಎಲ್ ಫೈಲು ಮಾತ್ರ ಓದಲಿ.

ತಡಮಾಡಿ ಲೋಡ್ ಮಾಡುವುದು

ಯೂಸ್-ಪ್ಯಾಕೇಜ್‌ನಲ್ಲಿ ಬೈಂಡ್, ಹುಕ್, ಕಮಾಂಡ್ಸ್, ಮೋಡ್ ಈ ನಾಲ್ಕರಲ್ಲಿ ಯಾವುದಿದ್ದರೂ ಪ್ಯಾಕೇಜು ತಾನಾಗಿಯೇ ಡೆಫರ್ ಆಗುತ್ತದೆ, ಅಂದರೆ ಆ ಕೀ ಒತ್ತಿದಾಗ, ಆ ಬಗೆಯ ಫೈಲು ತೆರೆದಾಗ ಮಾತ್ರ ಲೋಡ್ ಆಗುತ್ತದೆ. ಇವು ಯಾವುದೂ ಇಲ್ಲದ, ಬರೀ ಕಾನ್ಫಿಗ್ ಇರುವ ಬ್ಲಾಕುಗಳು ಕೂಡಲೇ ಲೋಡ್ ಆಗುತ್ತವೆ. ನಿಮ್ಮ ಫೈಲಿನಲ್ಲಿ ಹುಡುಕಬೇಕಾದದ್ದು ಇಂಥವನ್ನು. ಇನಿಟ್ ಭಾಗದಲ್ಲಿ ಬರೆದದ್ದು ಆಗಲೇ ಓಡುತ್ತದೆ, ಕಾನ್ಫಿಗ್ ಭಾಗದಲ್ಲಿ ಬರೆದದ್ದು ಲೋಡ್ ಆದ ಮೇಲೆ ಓಡುತ್ತದೆ. ಪ್ಯಾಕೇಜಿನ ಮೋಡ್ ಒಂದನ್ನು ಇನಿಟ್ ಭಾಗದಲ್ಲಿ ಕರೆದರೆ ಡೆಫರ್ ಎಂದು ಬರೆದಿದ್ದರೂ ಪ್ರಯೋಜನವಿಲ್ಲ. ಆಟೋಲೋಡ್ ಮೂಲಕ ಅದು ಅಲ್ಲೇ ಲೋಡ್ ಆಗುತ್ತದೆ.

ಡೆಫರ್ 2 ಎಂದು ಸಂಖ್ಯೆ ಕೊಡುವ ರೂಢಿಯಿದೆ. ಎರಡು ಸೆಕೆಂಡು ಸುಮ್ಮನಿದ್ದರೆ ಲೋಡ್ ಮಾಡು ಎಂದು ಅದರ ಅರ್ಥ. ಹಿತಮಿತವಾಗಿ ಬಳಸಿ. ಈ ಲೋಡಿಂಗ್ ನಡೆಯುವುದು ನಿಮ್ಮ ಕೀಬೋರ್ಡಿಗೆ ಓಗೊಡುವ ಅದೇ ಥ್ರೆಡ್‌ನಲ್ಲಿ; ಹತ್ತು ಪ್ಯಾಕೇಜುಗಳಿಗೆ ಹೀಗೆ ಕೊಟ್ಟರೆ ತೆರೆದು ಎರಡು ಸೆಕೆಂಡಿಗೆ, ಮೊದಲ ವಾಕ್ಯ ಯೋಚಿಸುತ್ತಿರುವಾಗ, ಅಷ್ಟೂ ಒಟ್ಟಿಗೆ ಎದ್ದು ಎಡಿಟರ್ ಮರಗಟ್ಟುತ್ತದೆ.

ಸ್ಕ್ರಾಚ್ ಬಫರ್ ಬಗ್ಗೆ ಹೆಚ್ಚಿನವರು ಗಮನಿಸುವುದಿಲ್ಲ. ಅದರ ಮೋಡ್ ಲಿಸ್ಪ್-ಇಂಟರಾಕ್ಷನ್; ಅದು ಕೋಡ್ ಬರೆಯುವ ಮೋಡ್‌ಗಳಿಗೆ ಮೂಲವಾದ ಪ್ರೋಗ್-ಮೋಡ್‌ನ ವಂಶದ್ದು. ಹಾಗಾಗಿ ಪ್ರೋಗ್-ಮೋಡ್-ಹುಕ್‌ಗೆ ನೀವು ಸೇರಿಸಿರುವ ಫ್ಲೈಚೆಕ್, ಕಂಪನಿ, ಯಾಸ್ನಿಪೆಟ್ ಎಂಬ ಪ್ಯಾಕೇಜುಗಳೆಲ್ಲವೂ ಯಾವ ಕೋಡ್ ಫೈಲನ್ನೂ ತೆರೆಯದೆ ಸ್ಟಾರ್ಟಪ್‌ನಲ್ಲೇ ಲೋಡ್ ಆಗುತ್ತವೆ. ಇನಿಶಿಯಲ್-ಮೇಜರ್-ಮೋಡ್ ಅನ್ನು ಫಂಡಮೆಂಟಲ್-ಮೋಡ್ ಎಂದು ಬದಲಿಸಿದರೆ ಈ ಸರಪಳಿ ಕಡಿಯುತ್ತದೆ. ಒಂದೇ ಸಾಲು, ಲಾಭ ಮಾತ್ರ ಎಷ್ಟೋ ಸಲ ಗಾರ್ಬೇಜ್ ಕಲೆಕ್ಷನ್ ಉಪಾಯಕ್ಕಿಂತ ಹೆಚ್ಚು.

ಪ್ಯಾಕೇಜುಗಳು, ನೆಟ್‌ವರ್ಕ್, ಶೆಲ್

ಇನಿಟ್ ಫೈಲಿನಲ್ಲಿ ಪ್ಯಾಕೇಜ್-ರಿಫ್ರೆಶ್-ಕಂಟೆಂಟ್ಸ್ ಎಂಬ ಕರೆ ಇದೆಯೇ ನೋಡಿ. ಇದ್ದರೆ ಪ್ರತಿ ಸಲ ತೆರೆದಾಗ ಮೆಲ್ಪಾ ಮತ್ತು ಗ್ನು ಎಲ್ಪಾದ ಪಟ್ಟಿಗಳು ಇಂಟರ್‌ನೆಟ್‌ನಿಂದ ಇಳಿಯುತ್ತಿರುತ್ತವೆ. ನೆಟ್‌ವರ್ಕ್ ನಿಧಾನವಿದ್ದ ದಿನ ಏಳು ಸೆಕೆಂಡು ಇಪ್ಪತ್ತಾಗುತ್ತದೆ. ಅಳಿಸಿ. ಅದೇ ಕೆಲಸ ಕಣ್ಣಿಗೆ ಬೀಳದೆಯೂ ನಡೆಯಬಹುದು. ಎನ್‌ಶೂರ್ ಟಿ (ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡು) ಎಂದಿರುವ ಪ್ಯಾಕೇಜಿನ ಹೆಸರು ತಪ್ಪಾಗಿದ್ದರೆ, ಅಥವಾ ಆ ಪ್ಯಾಕೇಜನ್ನು ಮೆಲ್ಪಾದಿಂದ ತೆಗೆದಿದ್ದರೆ, ಯೂಸ್-ಪ್ಯಾಕೇಜ್ ಅದು ಸಿಗಲಿಲ್ಲವೆಂದು ಪ್ರತಿ ಸಲ ಪಟ್ಟಿಯನ್ನು ಹೊಸದಾಗಿ ತರಿಸುತ್ತದೆ. ವಾರ್ನಿಂಗ್ಸ್ ಬಫರ್‌ನಲ್ಲಿ ಇನ್‌ಸ್ಟಾಲ್ ಆಗಲಿಲ್ಲ ಎಂಬ ಸಾಲು ಇದ್ದರೆ ಕಡೆಗಣಿಸಬೇಡಿ.

90 ಪ್ಯಾಕೇಜುಗಳೆಂದರೆ 90 ಆಟೋಲೋಡ್ ಫೈಲುಗಳನ್ನು ಒಂದೊಂದಾಗಿ ತೆರೆದು ಓದಬೇಕು. ಅರ್ಲಿ-ಇನಿಟ್‌ನಲ್ಲಿ ಪ್ಯಾಕೇಜ್-ಕ್ವಿಕ್‌ಸ್ಟಾರ್ಟ್ ಅನ್ನು ಟಿ ಮಾಡಿ, ಒಂದು ಸಲ ಪ್ಯಾಕೇಜ್-ಕ್ವಿಕ್‌ಸ್ಟಾರ್ಟ್-ರಿಫ್ರೆಶ್ ಕಮಾಂಡ್ ಓಡಿಸಿ. ಎಲ್ಲ ಆಟೋಲೋಡ್‌ಗಳೂ ಸೇರಿ ಒಂದೇ ಫೈಲಾಗುತ್ತವೆ, ಮುಂದಿನ ಸಲದಿಂದ ಅದೊಂದನ್ನೇ ಓದುತ್ತದೆ. ಪ್ಯಾಕೇಜನ್ನು ಮಾಮೂಲಿ ಕ್ರಮದಲ್ಲಿ ಹಾಕಿದಾಗ, ತೆಗೆದಾಗ ಇದು ತಾನೇ ಹೊಸದಾಗುತ್ತದೆ. ಪ್ಯಾಕೇಜುಗಳಿರುವ ಎಲ್ಪಾ ಫೋಲ್ಡರಿಗೆ ಹೋಗಿ ಕೈಯಾರೆ ಏನಾದರೂ ಅಳಿಸಿದರೆ ಮಾತ್ರ ಹಳೆಯ ಪಟ್ಟಿಯೇ ಉಳಿದು, ಇಲ್ಲದ ಫೈಲನ್ನು ಹುಡುಕಿ ಎರರ್ ಕೊಡುತ್ತದೆ. ಆಗ ಅದೇ ರಿಫ್ರೆಶ್ ಕಮಾಂಡ್ ಮತ್ತೊಮ್ಮೆ.

ಲೋಡ್-ಪಾತ್ ಉದ್ದವಾದಷ್ಟೂ ಹುಡುಕಾಟ ಹೆಚ್ಚು. ಒಂದು ರಿಕ್ವೈರ್ ಎಂದರೆ ಪಟ್ಟಿಯ ಮೊದಲ ಫೋಲ್ಡರಿನಿಂದ ಹಿಡಿದು ಸಿಗುವವರೆಗೆ, ಪ್ರತಿ ಫೋಲ್ಡರಿನಲ್ಲೂ ಇಎಲ್‌ಸಿ (ಕಂಪೈಲ್ ಆದದ್ದು), ಇಎಲ್ (ಮೂಲ ಕೋಡ್), ಅವುಗಳ ಜಿಜಿಪ್ (ಕುಗ್ಗಿಸಿದ) ರೂಪ ಎಂದು ಹಲವು ಹೆಸರುಗಳನ್ನು ಪ್ರಯತ್ನಿಸುವುದು. ಲಿನಕ್ಸ್‌ನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ವಿಂಡೋಸ್‌ನಲ್ಲಿ, ಅದರಲ್ಲೂ ಆ್ಯಂಟಿವೈರಸ್ ಪ್ರತಿ ಫೈಲನ್ನೂ ತಪಾಸಣೆ ಮಾಡುವ ಆಫೀಸ್ ಯಂತ್ರಗಳಲ್ಲಿ, ಅದೇ ಇನಿಟ್ ಫೈಲು ಹಲವು ಪಟ್ಟು ನಿಧಾನವಾಗುವುದು ಇದರಿಂದಲೇ.

ಮ್ಯಾಕ್ ಬಳಕೆದಾರರ ಫೈಲಿನಿಂದ ನಕಲು ಮಾಡಿದ ಎಕ್ಸೆಕ್-ಪಾತ್-ಫ್ರಮ್-ಶೆಲ್ ನಿಮ್ಮಲ್ಲೂ ಇರಬಹುದು. ಅದು ಒಂದು ಶೆಲ್ ತೆರೆದು, ನಿಮ್ಮ ಬ್ಯಾಶ್ ಅಥವಾ ಝಡ್‌ಎಸ್‌ಎಚ್ ಸೆಟ್ಟಿಂಗ್‌ಗಳೆಲ್ಲ ಓಡಿ ಮುಗಿಯುವವರೆಗೆ ಕಾದು, ಪಾತ್ (ಪ್ರೋಗ್ರಾಮುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಎತ್ತಿಕೊಳ್ಳುತ್ತದೆ. ಝಡ್‌ಎಸ್‌ಎಚ್‌ಗೆ ಎನ್‌ವಿಎಂ, ಥೀಮ್ ಮುಂತಾದ ಭಾರಗಳನ್ನು ಹೇರಿದ್ದರೆ ಇದೊಂದಕ್ಕೇ ಒಂದು ಸೆಕೆಂಡು ಹೋಗಬಹುದು. 500 ಮಿಲಿಸೆಕೆಂಡು ಮೀರಿದರೆ ಆ ಪ್ಯಾಕೇಜೇ ಮೆಸೇಜಸ್ ಬಫರ್‌ನಲ್ಲಿ ಎಚ್ಚರಿಸುತ್ತದೆ. ಅದರ ಆರ್ಗ್ಯುಮೆಂಟ್ಸ್ ಸೆಟ್ಟಿಂಗ್‌ನಿಂದ ಇಂಟರಾಕ್ಟಿವ್ ಶೆಲ್‌ಗಿರುವ ಐ ಆಪ್ಷನ್ ತೆಗೆದು, ಪಾತ್ ಹೊಂದಿಸುವ ಸಾಲುಗಳನ್ನು ಲಾಗಿನ್ ಪ್ರೊಫೈಲ್‌ಗೆ ಸರಿಸಿ. ಟರ್ಮಿನಲ್‌ನಿಂದಲೇ ಈಮ್ಯಾಕ್ಸ್ ತೆರೆಯುವ ಅಭ್ಯಾಸವಿದ್ದರೆ ಆ ಪ್ಯಾಕೇಜೇ ಬೇಡ.

ಡೆಸ್ಕ್‌ಟಾಪ್-ಸೇವ್ ಇದ್ದರೆ ಡೆಸ್ಕ್‌ಟಾಪ್-ರಿಸ್ಟೋರ್-ಈಗರ್‌ಗೆ 5 ಎಂದು ಕೊಡಿ. ಐದು ಬಫರ್‌ಗಳು ಕೂಡಲೇ, ಮಿಕ್ಕವು ನೀವು ಸುಮ್ಮನಿರುವಾಗ ಒಂದೊಂದಾಗಿ ತೆರೆಯುತ್ತವೆ.

ಕಂಪೈಲ್ ಆಗದ ಫೈಲುಗಳು

ಗಿಟ್‌ನಿಂದ ಕ್ಲೋನ್ ಮಾಡಿ ಲೋಡ್-ಪಾತ್‌ಗೆ ಸೇರಿಸಿದ ಪ್ಯಾಕೇಜುಗಳಿದ್ದರೆ ಅವುಗಳ ಫೋಲ್ಡರಿನಲ್ಲಿ ಇಎಲ್‌ಸಿ ಫೈಲುಗಳು ಇವೆಯೇ ನೋಡಿ. ಇಲ್ಲದಿದ್ದರೆ ಪ್ರತಿ ಸಲ ಮೂಲ ಇಎಲ್ ಫೈಲನ್ನೇ ಓದಿ, ಮ್ಯಾಕ್ರೋಗಳನ್ನು ಬಿಡಿಸಿ ಮುಂದೆ ಹೋಗಬೇಕಾಗುತ್ತದೆ. ಜೊತೆಗೆ ನೇಟಿವ್ ಕಂಪೈಲೇಶನ್ ಕೂಡ ತಾನಾಗಿ ಶುರುವಾಗುವುದು ಇಎಲ್‌ಸಿ ಫೈಲು ಲೋಡ್ ಆದಾಗಲೇ, ಹಾಗಾಗಿ ಅವಕ್ಕೆ ಆ ಲಾಭವೂ ಇಲ್ಲ. ಬೈಟ್-ರೀಕಂಪೈಲ್-ಡೈರೆಕ್ಟರಿಗೆ ಫೋಲ್ಡರಿನ ಹೆಸರು ಮತ್ತು ಎರಡನೇ ಆರ್ಗ್ಯುಮೆಂಟ್ ಆಗಿ 0 ಕೊಟ್ಟರೆ ಎಲ್ಲವೂ ಕಂಪೈಲ್ ಆಗುತ್ತವೆ. ಆಮೇಲೆ ಗಿಟ್ ಪುಲ್ ಮಾಡಿದಾಗ ಮರೆಯಬೇಡಿ: ಇಎಲ್ ಎಷ್ಟೇ ಹೊಸದಾಗಿದ್ದರೂ ಈಮ್ಯಾಕ್ಸ್ ಹಳೆಯ ಇಎಲ್‌ಸಿಯನ್ನೇ ಎತ್ತಿಕೊಳ್ಳುತ್ತದೆ. ಲೋಡ್-ಪ್ರಿಫರ್-ನ್ಯೂಯರ್ ಅನ್ನು ಅರ್ಲಿ-ಇನಿಟ್‌ನಲ್ಲಿ ಟಿ ಮಾಡಿಟ್ಟರೆ ಈ ಗೊಂದಲ ತಪ್ಪುತ್ತದೆ.

ಇನಿಟ್.ಇಎಲ್ ಅನ್ನು ಮಾತ್ರ ಕಂಪೈಲ್ ಮಾಡಬೇಡಿ. ಉಳಿಯುವುದು ಅತ್ಯಲ್ಪ. ಫೈಲು ತಿದ್ದಿ ಕಂಪೈಲ್ ಮಾಡಲು ಮರೆತರೆ ತಿದ್ದಿದ್ದು ಜಾರಿಗೇ ಬರುವುದಿಲ್ಲ, ಕಾರಣ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ.

ಅರ್ಲಿ-ಇನಿಟ್‌ನಲ್ಲಿ ಏನಿರಬೇಕು

ಟೂಲ್‌ಬಾರ್, ಮೆನುಬಾರ್, ಸ್ಕ್ರೋಲ್‌ಬಾರ್ ಬೇಡದವರು ಅವನ್ನು ಇನಿಟ್.ಇಎಲ್‌ನಲ್ಲಿ ಆಫ್ ಮಾಡುತ್ತಾರೆ. ಅಷ್ಟರಲ್ಲಿ ವಿಂಡೋ ಅವುಗಳ ಸಮೇತ ತೆರೆದಾಗಿರುತ್ತದೆ. ಒಂದೊಂದನ್ನು ತೆಗೆದಾಗಲೂ ಅಳತೆ ಬದಲಾಗಿ ಮತ್ತೆ ಬರೆಯಬೇಕು. ಅರ್ಲಿ-ಇನಿಟ್‌ನಲ್ಲಿ ಡೀಫಾಲ್ಟ್-ಫ್ರೇಮ್-ಅಲಿಸ್ಟ್‌ಗೆ ಟೂಲ್-ಬಾರ್-ಲೈನ್ಸ್ 0, ಮೆನು-ಬಾರ್-ಲೈನ್ಸ್ 0 ಎಂದು ಸೇರಿಸಿದರೆ ಅವು ಹುಟ್ಟುವುದೇ ಇಲ್ಲ. ಫಾಂಟ್ ಕೂಡ ಇಲ್ಲೇ ಕೊಡಿ. ಫಾಂಟ್ ಬದಲಾದಾಗ ವಿಂಡೋ ತನ್ನ ಗಾತ್ರ ಬದಲಿಸುವುದನ್ನು ತಡೆಯಲು ಫ್ರೇಮ್-ಇನ್‌ಹಿಬಿಟ್-ಇಂಪ್ಲೈಡ್-ರೀಸೈಜ್ ಅನ್ನು ಟಿ ಮಾಡಿ. ಕಣ್ಣಿಗೆ ಕಾಣುವ ಚುರುಕುತನ ಬರುವುದು ಹೆಚ್ಚಾಗಿ ಈ ನಾಲ್ಕೈದು ಸಾಲುಗಳಿಂದ.

ಗಾರ್ಬೇಜ್ ಕಲೆಕ್ಷನ್ ಮಿತಿಯ ಜಾಗವೂ ಇದೇ. ಮೂಲ ಮಿತಿ 8,00,000 ಬೈಟ್. ಇದನ್ನು ಇನಿಟ್.ಇಎಲ್‌ನ ನಡುವಿನಲ್ಲೆಲ್ಲೋ ಏರಿಸಿದರೆ ಅಷ್ಟರಲ್ಲಿ ಹತ್ತಾರು ಸಲ ಕಲೆಕ್ಷನ್ ನಡೆದುಹೋಗಿರುತ್ತದೆ. ಅರ್ಲಿ-ಇನಿಟ್‌ನಲ್ಲಿ ಮೋಸ್ಟ್-ಪಾಸಿಟಿವ್-ಫಿಕ್ಸ್‌ನಮ್ (ಬಹು ದೊಡ್ಡ ಸಂಖ್ಯೆ) ಎಂದು ಕೊಡಿ, ಈಮ್ಯಾಕ್ಸ್-ಸ್ಟಾರ್ಟಪ್-ಹುಕ್‌ನಲ್ಲಿ 16 ಎಂಬಿಗೆ, ಅಂದರೆ 1,67,77,216 ಬೈಟ್‌ಗೆ ಇಳಿಸಿ. ಇಳಿಸಲು ಮರೆತರೆ ಮೆಮೊರಿ ಬೆಳೆಯುತ್ತಲೇ ಹೋಗಿ, ಗಂಟೆಗಟ್ಟಲೆ ಬಳಸಿದ ಮೇಲೆ ಇಡೀ ಯಂತ್ರವೇ ತೆವಳತೊಡಗುತ್ತದೆ. ಕೋಡ್ ಪರೀಕ್ಷಿಸುವ ಭಾಷಾ ಸರ್ವರ್ ಜೊತೆ ಮಾತಾಡುವ ಎಲ್‌ಎಸ್‌ಪಿ-ಮೋಡ್ ಬಳಸುವವರು 100 ಎಂಬಿವರೆಗೂ ಇಟ್ಟುಕೊಳ್ಳಬಹುದು. ಸರ್ವರ್‌ನಿಂದ ಬರುವ ಜೇಸನ್ ಸಂದೇಶಗಳಿಂದ ಮೆಮೊರಿ ಬೇಗ ಬೇಗ ತುಂಬುತ್ತದೆ.

ಫೈಲ್-ನೇಮ್-ಹ್ಯಾಂಡ್ಲರ್-ಅಲಿಸ್ಟ್ ಅನ್ನು ನಿಲ್ ಮಾಡುವ ಉಪಾಯವನ್ನೂ ಕೇಳಿರಬಹುದು. ಪ್ರತಿ ಫೈಲಿನ ಹೆಸರನ್ನು ಟ್ರ್ಯಾಂಪ್ (ದೂರದ ಯಂತ್ರದ ಫೈಲು ತೆರೆಯುವಂಥದ್ದು), ಜಿಜಿಪ್ ಮುಂತಾದವುಗಳ ನಮೂನೆಗಳ ಜೊತೆ ಹೋಲಿಸುವ ಕೆಲಸ ಅದರಿಂದ ತಪ್ಪುತ್ತದೆ. ಉಳಿತಾಯ ಕಿರಿದು, ಅಪಾಯ ಹಿರಿದು. ಕೆಲವು ಬಿಲ್ಡ್‌ಗಳಲ್ಲಿ ಲಿಸ್ಪ್ ಮೂಲ ಫೈಲುಗಳು ಜಿಜಿಪ್ ರೂಪದಲ್ಲಿರುತ್ತವೆ. ಹ್ಯಾಂಡ್ಲರ್ ಇಲ್ಲದಿದ್ದರೆ ಅವು ತೆರೆಯುವುದೇ ಇಲ್ಲ. ನಿಮಗೆ ಇದು ಬೇಡವೆಂದೇ ನನ್ನ ಸಲಹೆ.

ಕನ್ನಡ ಫೈಲು ತೆರೆದಾಗ ನಿಲ್ಲುವುದು

ಇದರಲ್ಲಿ ಎರಡು ಕಾರಣ ಬೆರೆತಿವೆ. ಆರ್ಗ್ ಡೆಫರ್ ಆದ ಮೇಲೆ ಮೊದಲ ಆರ್ಗ್ ಫೈಲು ತೆರೆದಾಗ ಅದರ ಲೋಡಿಂಗ್ ಖರ್ಚು ಅಲ್ಲಿ ಬೀಳುತ್ತದೆ, ಅದು ಸಹಜ. ಇನ್ನೊಂದು ಕಾರಣ ಫಾಂಟ್. ನಿಮ್ಮ ಮುಖ್ಯ ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ, ಮೊದಲ ಕನ್ನಡ ಅಕ್ಷರ ಪರದೆಗೆ ಬಂದ ಕೂಡಲೇ ಈಮ್ಯಾಕ್ಸ್ ಸಿಸ್ಟಮ್‌ನಲ್ಲಿರುವ ಫಾಂಟುಗಳಲ್ಲಿ ಕನ್ನಡ ಇರುವುದು ಯಾವುದು ಎಂದು ಹುಡುಕಬೇಕು. ನೋಟೋ ಫಾಂಟುಗಳ ಪೂರ್ತಿ ಕಂತೆ ಹಾಕಿರುವ ಯಂತ್ರದಲ್ಲಿ ಇದು ಗಮನಕ್ಕೆ ಬರುವಷ್ಟು ಹೊತ್ತು ಹಿಡಿಯುತ್ತದೆ. ಸೆಟ್-ಫಾಂಟ್‌ಸೆಟ್-ಫಾಂಟ್ ಫಂಕ್ಷನ್‌ಗೆ ಟಿ, ಕನ್ನಡ ಎಂಬ ಸ್ಕ್ರಿಪ್ಟ್ ಹೆಸರು, ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ಹೆಸರು ಕೊಟ್ಟರೆ ಹುಡುಕಾಟ ನಿಲ್ಲುತ್ತದೆ. ಎಪಿಟಿಯಲ್ಲಿ ಸಿಗುವ ಗುಬ್ಬಿ, ನವಿಲು, ಲೋಹಿತ್ ಕನ್ನಡ ಯಾವುದಾದರೂ ಸರಿ. ಯಾವ ಫಾಂಟ್ ಬಳಕೆಯಾಗುತ್ತಿದೆ ಎಂದು ನೋಡಲು ಅಕ್ಷರದ ಮೇಲೆ ಕರ್ಸರ್ ಇಟ್ಟು ಡಿಸ್ಕ್ರೈಬ್-ಚಾರ್ ಓಡಿಸಿ.

ಕನ್ನಡ, ಇಂಗ್ಲಿಷ್, ಎಮೋಜಿ ಬೆರೆತ ಫೈಲಿನಲ್ಲಿ ಸ್ಕ್ರೋಲ್ ಮಾಡುವಾಗ ಮತ್ತೆ ಮತ್ತೆ ತಡವರಿಸಿದರೆ ಇನ್‌ಹಿಬಿಟ್-ಕಂಪ್ಯಾಕ್ಟಿಂಗ್-ಫಾಂಟ್-ಕ್ಯಾಶಸ್ ಅನ್ನು ಟಿ ಮಾಡಿ. ಗಾರ್ಬೇಜ್ ಕಲೆಕ್ಷನ್ ಸಮಯದಲ್ಲಿ ಫಾಂಟ್ ಮಾಹಿತಿಯನ್ನು ಎಸೆದು ಮತ್ತೆ ತರಿಸಿಕೊಳ್ಳುವುದು ತಪ್ಪುತ್ತದೆ, ಸ್ವಲ್ಪ ಮೆಮೊರಿ ಹೆಚ್ಚು ಬಳಕೆಯಾಗುತ್ತದೆ. ಕನ್ನಡ ಟೈಪಿಂಗ್‌ಗೆ ಡೀಫಾಲ್ಟ್-ಇನ್‌ಪುಟ್-ಮೆಥಡ್ ಅನ್ನು ಕನ್ನಡ-ಐಟ್ರಾನ್ಸ್ ಎಂದು ಕೊಟ್ಟಿದ್ದರೆ ಅದರಿಂದ ಸ್ಟಾರ್ಟಪ್‌ಗೆ ಹೊರೆಯಿಲ್ಲ. ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದಾಗಲೇ ಅದರ ಫೈಲು ಲೋಡ್ ಆಗುವುದು.

ಡೇಮನ್

ಇಷ್ಟೆಲ್ಲ ಮಾಡಿದ ಮೇಲೂ ಗಿಟ್ ಕಮಿಟ್ ಸಂದೇಶ ಬರೆಯಲು ದಿನಕ್ಕೆ ಹತ್ತಾರು ಸಲ ಈಮ್ಯಾಕ್ಸ್ ತೆರೆಯುವವರಾದರೆ ಡೇಮನ್ ಬಳಸಿ. ಲಾಗಿನ್ ಆದಾಗ ಸಿಸ್ಟಮ್‌ಡಿಯ ಯೂಸರ್ ಸರ್ವಿಸ್ ಆಗಿ ಒಂದು ಸಲ ಎದ್ದು ಹಿನ್ನೆಲೆಯಲ್ಲಿರುತ್ತದೆ. ಈಮ್ಯಾಕ್ಸ್‌ಕ್ಲೈಂಟ್ ಕರೆದಾಗ ಹೊಸ ಫ್ರೇಮ್ ಮಾತ್ರ ತೆರೆಯಬೇಕು. ಆಗ ಡೆಫರ್ ಮಾಡುವ ತರ್ಕ ತಲೆಕೆಳಗು: ಯಾರೂ ಕಾಯುತ್ತಿಲ್ಲದ ಹೊತ್ತಿನಲ್ಲಿ ಎಲ್ಲವೂ ಲೋಡ್ ಆಗಿಬಿಡುವುದೇ ಒಳ್ಳೆಯದು. ಯೂಸ್-ಪ್ಯಾಕೇಜ್-ಆಲ್ವೇಸ್-ಡಿಮಾಂಡ್‌ಗೆ ಡೇಮನ್‌ಪಿ ಫಂಕ್ಷನ್‌ನ ಉತ್ತರ ಕೊಟ್ಟರೆ, ಒಂದೇ ಇನಿಟ್ ಫೈಲು ಡೇಮನ್‌ನಲ್ಲಿ ಎಲ್ಲವನ್ನೂ ಮುಂಚೆ, ಬಿಡಿಯಾಗಿ ತೆರೆದಾಗ ಬೇಕಾದಾಗ ಲೋಡ್ ಮಾಡುತ್ತದೆ.

ಡೇಮನ್ ಏಳುವಾಗ ಪರದೆ ಇರುವುದಿಲ್ಲ. ಡಿಸ್‌ಪ್ಲೇ-ಗ್ರಾಫಿಕ್-ಪಿ ನಿಜವಾದರೆ ಎಂಬ ಷರತ್ತಿನೊಳಗೆ ಬರೆದ ಫಾಂಟ್ ಸೆಟ್ಟಿಂಗ್‌ಗಳು ಆಗ ಓಡುವುದೇ ಇಲ್ಲ, ಕನ್ನಡಕ್ಕೆ ಬೇರಾವುದೋ ಫಾಂಟ್ ಬಂದು ಕೂರುತ್ತದೆ. ಮೇಲೆ ಹೇಳಿದ ಸೆಟ್-ಫಾಂಟ್‌ಸೆಟ್-ಫಾಂಟ್ ಸಾಲನ್ನು ಒಂದು ಫಂಕ್ಷನ್ ಮಾಡಿ ಸರ್ವರ್-ಆಫ್ಟರ್-ಮೇಕ್-ಫ್ರೇಮ್-ಹುಕ್‌ಗೆ ಸೇರಿಸಿ. ಡೇಮನ್ ಅಲ್ಲದೆ ತೆರೆದಾಗ ಈ ಹುಕ್ ಓಡುವುದಿಲ್ಲ, ಹಾಗಾಗಿ ಡೇಮನ್‌ಪಿ ಸುಳ್ಳಾದರೆ ಅದೇ ಫಂಕ್ಷನ್ನನ್ನು ಇನಿಟ್.ಇಎಲ್‌ನಲ್ಲಿ ನೇರವಾಗಿ ಕರೆಯಿರಿ.